ಹೆಲಿಕಾಪ್ಟರ್ ಏರಿ ಹಿಮಕ್ಕೆ: ಕೊಲಂಬಿಯಾ ಪರ್ವತಗಳ ಒಂದು ಚರಿತ್ರೆ

ಕ್ಯಾಲ್ಗರಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಸ್ಕೀಯಿಂಗ್ ಈಗ ಹೊಸತೇನಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಸ್ಕೀ ಕಟ್ಟಿಕೊಳ್ಳುವುದನ್ನು ಕಂಡಿದ್ದೇವೆ. ಆದರೆ ಹೆಲಿಕಾಪ್ಟರ್ ಸ್ಕೀಯಿಂಗ್ ಬೇರೆಯೇ ಲೋಕ. ಅಲ್ಲಿ ಲಿಫ್ಟ್ ಇಲ್ಲ, ಯಂತ್ರ ಹಾಯಿಸಿ ಹದಗೊಳಿಸಿದ ಇಳಿಜಾರಿಲ್ಲ, ಅಪಾಯದ ಅಂಚಿಗೆ ಕಟ್ಟಿದ ಹಗ್ಗವಿಲ್ಲ. ಹೆಲಿಕಾಪ್ಟರ್ ನಮ್ಮನ್ನು ಶಿಖರದ ಬಳಿ ಇಳಿಸಿ ಹೊರಟುಹೋಗುತ್ತದೆ. ಯಾರೂ ತುಳಿಯದ ಹಿಮದಲ್ಲಿ ಗೈಡಿನ ಹಿಂದೆ ಕಣಿವೆಗೆ ಇಳಿಯಬೇಕು. ವಾಣಿಜ್ಯ ರೂಪದಲ್ಲಿ ಈ ಕ್ರೀಡೆ ಬೇರೂರಿದ್ದು ನಮ್ಮ ನೆರೆಯ ಬ್ರಿಟಿಷ್ ಕೊಲಂಬಿಯಾದಲ್ಲಿ. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ನನಗೆ ಅದು, ಎಲ್ಲಿಗೆ ಹೋಗಬಾರದು ಎಂಬುದನ್ನು ಮನುಷ್ಯರು ನಿಧಾನವಾಗಿ, ದುಬಾರಿ ಬೆಲೆ ತೆತ್ತು ಕಲಿತ ಕಥೆಯಾಗಿಯೇ ಹೆಚ್ಚು ಕಾಣುತ್ತದೆ.

ಆ ಬೆಲೆಯ ಮೊದಲ ಕಂತುಗಳನ್ನು ತೆತ್ತವರು ವಿಹಾರಕ್ಕೆ ಬಂದವರಲ್ಲ, ಕೂಲಿಗೆ ಬಂದವರು. ಕೆನಡಿಯನ್ ಪೆಸಿಫಿಕ್ ರೈಲುಮಾರ್ಗ 1885ರಲ್ಲಿ ಸೆಲ್ಕರ್ಕ್ ಪರ್ವತಗಳ ರೋಜರ್ಸ್ ಪಾಸ್ ಮೂಲಕ ಹಾದುಹೋಯಿತು. 1910ರ ಮಾರ್ಚ್ 4ರ ರಾತ್ರಿ, ಹಳಿಯ ಮೇಲೆ ಕುಸಿದಿದ್ದ ಹಿಮವನ್ನು ತೆಗೆಯುತ್ತಿದ್ದ ಕಾರ್ಮಿಕರ ಮೇಲೆ ಎದುರು ಬೆಟ್ಟದಿಂದ ಮತ್ತೊಂದು ಹಿಮಪಾತ ಎರಗಿತು. 58 ಮಂದಿ ಸತ್ತರು. ಅವರಲ್ಲಿ 32 ಮಂದಿ ಜಪಾನಿನಿಂದ ವಲಸೆ ಬಂದವರು. ಪರದೇಶದಲ್ಲಿ ಬದುಕು ಕಟ್ಟಿಕೊಳ್ಳಲು ಬಂದು ಹಿಮದಡಿ ಹೂತುಹೋದ ಆ ಜನರನ್ನು, ಅದೇ ದಾರಿಯಲ್ಲಿ ಕಾರಿನಲ್ಲಿ ಸಾಗುವ ನಮ್ಮಂಥವರು ಒಮ್ಮೆಯಾದರೂ ನೆನೆಯಬೇಕು. ರೈಲ್ವೆ ಕಂಪನಿ ಕೊನೆಗೆ ಪರ್ವತದೊಡನೆ ಸೆಣಸುವುದನ್ನು ಬಿಟ್ಟು, 1916ರಲ್ಲಿ ಕನಾಟ್ ಸುರಂಗವನ್ನು ತೆರೆದು ಅಡಿಯಿಂದ ಹಾದುಹೋಯಿತು.

ಹೆಲಿಕಾಪ್ಟರ್ ಸ್ಕೀಯಿಂಗಿನ ಪಿತಾಮಹನೆನಿಸಿದ ಹಾನ್ಸ್ ಗ್ಮೋಸರ್ ಕೂಡ ವಲಸಿಗನೇ. 1932ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿ, 1951ರಲ್ಲಿ ಗೆಳೆಯ ಲಿಯೋ ಗ್ರಿಲ್‌ಮೈರ್ ಜೊತೆಗೆ ಕೆನಡಾಕ್ಕೆ ಬಂದವನು. ಪರ್ವತಾರೋಹಣದ ಗೈಡ್ ಆದ, ತಾನೇ ಚಲನಚಿತ್ರಗಳನ್ನು ತೆಗೆದು ಊರೂರಿಗೆ ಹೋಗಿ ತೋರಿಸಿದ, ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವ ಪ್ರವಾಸಗಳನ್ನು ನಡೆಸಿದ. ಇಡೀ ದಿನ ಹತ್ತಿದರೆ ಒಂದೋ ಎರಡೋ ಇಳಿತ ದಕ್ಕುತ್ತಿದ್ದ ಕಾಲವದು.

ಹೆಲಿಕಾಪ್ಟರಿನ ಸಲಹೆ ತಂದವನು ಆರ್ಟ್ ಪ್ಯಾಟರ್ಸನ್ ಎಂಬ ಭೂವಿಜ್ಞಾನಿ. ಬೇಸಿಗೆಯ ಸಮೀಕ್ಷೆಗಳಿಗೆ ಬಳಸುವ ಯಂತ್ರ ಚಳಿಗಾಲದಲ್ಲಿ ಸ್ಕೀ ಮಾಡುವವರನ್ನೇಕೆ ಒಯ್ಯಬಾರದು ಎಂಬುದು ಅವನ ಸರಳ ತರ್ಕ. 1963ರಲ್ಲಿ ಕ್ಯಾನ್‌ಮೋರ್ ಬಳಿ ಪ್ರಯೋಗ ನಡೆಯಿತು. ಬೆಲ್ 47 ಹೆಲಿಕಾಪ್ಟರಿನ ಗಾಜಿನ ಗುಳ್ಳೆಯಲ್ಲಿ ಪೈಲಟ್‌ನ ಪಕ್ಕ ಇಬ್ಬರಿಗಷ್ಟೇ ಜಾಗ. ಗಾಳಿ ಕೆಟ್ಟದಾಗಿತ್ತು, ಹಿಮವೂ ಚೆನ್ನಾಗಿರಲಿಲ್ಲ. ಪ್ಯಾಟರ್ಸನ್ ಅಲ್ಲಿಗೇ ಕೈಬಿಟ್ಟ. ಗ್ಮೋಸರ್ ಬಿಡಲಿಲ್ಲ. ಅಮೆರಿಕದ ಒಲಿಂಪಿಕ್ ಸ್ಕೀಪಟು ಬ್ರೂಕ್ಸ್ ಡಾಜ್ ಒಂದು ಸಣ್ಣ ಗುಂಪನ್ನು ಕಟ್ಟಿಕೊಂಡು ಬರಲು ಒಪ್ಪಿದ ಮೇಲೆ, 1965ರ ವಸಂತದಲ್ಲಿ ಪರ್ಸೆಲ್ ಶ್ರೇಣಿಯ ಬುಗಬೂ ಪ್ರದೇಶದಲ್ಲಿ ಮತ್ತೆ ಆರಂಭವಾಯಿತು. ವಾಸ್ತವ್ಯ ಹಳೆಯ ಮರಗೊಯ್ಯುವ ಕಾರ್ಖಾನೆಯ ಬಿಡಾರದಲ್ಲಿ. ಮೂರೇ ವರ್ಷಗಳಲ್ಲಿ, 1968ರಲ್ಲಿ, ಅಲ್ಲಿ ವಸತಿಗೃಹವೇ ಎದ್ದು ನಿಂತಿತು.

ಸ್ಥಳದ ಆಯ್ಕೆಗೆ ಹಿಮವೊಂದೇ ಕಾರಣವಲ್ಲ. ಬ್ಯಾನ್ಫ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಹೆಲಿಕಾಪ್ಟರ್ ಸ್ಕೀಯಿಂಗಿಗೆ ಅವಕಾಶವಿಲ್ಲ. ಅವುಗಳ ಗಡಿಯಾಚೆಗಿನ ಸರ್ಕಾರಿ ಭೂಮಿಯಲ್ಲಿಯೇ ಈ ಉದ್ಯಮ ಬೆಳೆಯಬೇಕಾಯಿತು. ಯುರೋಪಿನಲ್ಲಿ ಕಾನೂನು ಇನ್ನೂ ಬಿಗಿ. ಫ್ರಾನ್ಸ್ 1985ರ ಪರ್ವತ ಕಾಯಿದೆಯ ಮೂಲಕ ವಿಹಾರಕ್ಕಾಗಿ ಜನರನ್ನು ಬೆಟ್ಟದ ಮೇಲೆ ಇಳಿಸುವುದನ್ನು ನಿಷೇಧಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಗೊತ್ತುಪಡಿಸಿದ ತಾಣಗಳಲ್ಲಷ್ಟೇ ಇಳಿಯಬಹುದು. ಸದ್ದಿನ ಬಗೆಗಿನ ಆಕ್ಷೇಪ ಇಲ್ಲಿಯೂ ಇದೆ, ಅದು ಸಕಾರಣವೇ. ಅಳಿವಿನಂಚಿನಲ್ಲಿರುವ ಪರ್ವತದ ಕ್ಯಾರಿಬೂಗಳು ಚಳಿಗಾಲ ಕಳೆಯುವುದು ಇದೇ ಎತ್ತರಗಳಲ್ಲಿ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೋಲುತ್ತದೆ. ಬೆಲ್ 47ರ ಪಿಸ್ಟನ್ ಎಂಜಿನಿಗೆ ಈ ಕೆಲಸ ಭಾರವಾಗಿತ್ತು. ಟರ್ಬೈನ್ ಎಂಜಿನಿನ ಹೆಲಿಕಾಪ್ಟರುಗಳು ಬಂದ ಮೇಲೆಯೇ ಉದ್ಯಮ ರೆಕ್ಕೆ ಬಿಚ್ಚಿದ್ದು. ಪರ್ವತ ಹೆಲಿಕಾಪ್ಟರುಗಳ ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪುಟವಿದೆ. 1960ರ ದಶಕದ ಕೊನೆಯಲ್ಲಿ ಹಿಮಾಲಯದ ಎತ್ತರದಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂದು ಭಾರತದ ಸೇನೆ ಕೇಳಿದ್ದರ ಫಲವೇ ಫ್ರಾನ್ಸಿನ ‘ಲಾಮಾ’. 1972ರಲ್ಲಿ ಜ್ಯಾನ್ ಬೂಲೆ ಅದನ್ನು 12,442 ಮೀಟರ್ ಎತ್ತರಕ್ಕೆ ಏರಿಸಿ ದಾಖಲೆ ಮಾಡಿದ. ಅದೇ ಯಂತ್ರ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ‘ಚೀತಾ’ ಎಂಬ ಹೆಸರಿನಲ್ಲಿ ತಯಾರಾಗಿ ಸಿಯಾಚಿನ್‌ವರೆಗೂ ಹೋಯಿತು.

ಯಂತ್ರ ಬಲಿತಷ್ಟೂ ಅಪಾಯವೂ ಬೆಳೆಯಿತು. ಕಾಲ್ನಡಿಗೆಯಲ್ಲಿ ಹತ್ತುವವನಿಗೆ ಪ್ರತಿ ಹೆಜ್ಜೆಯಲ್ಲೂ ಹಿಮದ ಗುಣ ತಿಳಿಯುತ್ತದೆ. ಮೇಲಿನಿಂದ ಇಳಿದವನಿಗೆ ಆ ಪರಿಚಯವಿಲ್ಲ. ತಿಳಿಯಾದ ಚಳಿರಾತ್ರಿಗಳಲ್ಲಿ ಹಿಮದ ಮೈಮೇಲೆ ಗರಿಯಂಥ ಹರಳುಗಳು ಮೂಡುತ್ತವೆ. ಅವುಗಳ ಮೇಲೆ ಹೊಸ ಹಿಮ ಬಿದ್ದರೆ, ಒಬ್ಬಟ್ಟುಗಳು ಅಂಟದಿರಲೆಂದು ನಡುವೆ ಉದುರಿಸಿದ ಹಿಟ್ಟಿನಂತೆ ಆ ಹರಳುಗಳು ಕೆಲಸ ಮಾಡುತ್ತವೆ. ವಾರಗಟ್ಟಲೆ ಕಳೆದರೂ ಮೇಲಿನ ಪದರ ಕೆಳಗಿನದಕ್ಕೆ ಕಚ್ಚಿಕೊಳ್ಳುವುದಿಲ್ಲ. ಒಬ್ಬ ಮನುಷ್ಯನ ಭಾರ ಸಾಕು, ಇಡೀ ಇಳಿಜಾರು ಜಾರಲು.

ಆರಂಭದ ವರ್ಷಗಳಲ್ಲಿ ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಂಡು ಸ್ಕೀ ಮಾಡುತ್ತಿದ್ದರು. ಹೂತುಹೋದರೆ ದಾರದ ತುದಿಯಾದರೂ ಮೇಲೆ ಕಂಡೀತು ಎಂಬ ಆಸೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಲಾಟನ್ ರೂಪಿಸಿದ ರೇಡಿಯೋ ಉಪಕರಣ ಆ ದಾರದ ಜಾಗಕ್ಕೆ ಬಂತು. ಆದರೆ ಕಾಲಾವಕಾಶ ಮಾತ್ರ ಅಷ್ಟೇ: ಹೂತವರನ್ನು ಸುಮಾರು 15 ನಿಮಿಷಗಳೊಳಗೆ ಹೊರತೆಗೆದರೆ ಬಹುಪಾಲು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ಮೀರಿದರೆ ಹೆಚ್ಚಿನವರು ಉಳಿಯುವುದಿಲ್ಲ.

1991ರ ಮಾರ್ಚ್ 12ರಂದು ಬುಗಬೂವಿನ ‘ಬೇ ಸ್ಟ್ರೀಟ್’ ಎಂಬ ಇಳಿಜಾರಿನಲ್ಲಿ ಹಿಮಪಾತಕ್ಕೆ ಸಿಲುಕಿ ಒಂಬತ್ತು ಮಂದಿ ಸತ್ತರು. ಗ್ಮೋಸರ್ ಕಟ್ಟಿದ ಸಂಸ್ಥೆಯಲ್ಲಿಯೇ, ಅನುಭವಿ ಗೈಡುಗಳ ಸಮ್ಮುಖದಲ್ಲಿಯೇ ನಡೆದ ದುರಂತವದು. ಅನುಭವವೊಂದೇ ಸಾಲದು ಎಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಕೆನಡಾದ ಹಿಮಪಾತ ಸಂಘ ಅದೇ ವರ್ಷ ‘ಇನ್ಫೋಎಕ್ಸ್’ ಎಂಬ ಮಾಹಿತಿ ವಿನಿಮಯವನ್ನು ಆರಂಭಿಸಿತು. ವ್ಯಾಪಾರದಲ್ಲಿ ಪರಸ್ಪರ ಪೈಪೋಟಿ ನಡೆಸುವ ಕಂಪನಿಗಳು ಅಂದಂದು ಕಂಡ ಹಿಮದ ಸ್ಥಿತಿಯನ್ನು ಅಂದಂದೇ ಒಬ್ಬರಿಗೊಬ್ಬರು ತಿಳಿಸುತ್ತವೆ. ನನ್ನ ದೃಷ್ಟಿಯಲ್ಲಿ ಹೆಲಿಕಾಪ್ಟರಿಗಿಂತ ದೊಡ್ಡ ಆವಿಷ್ಕಾರ ಇದು. ಇದರ ಜೊತೆಗೇ ಬಲಗೊಂಡದ್ದು ಬೆಳಗಿನ ಪಟ್ಟಿಯ ಪದ್ಧತಿ. ಗೈಡುಗಳೆಲ್ಲ ಮುಂಜಾನೆ ಕೂತು ಒಂದೊಂದು ಇಳಿಜಾರಿಗೂ ಹಸಿರು ಅಥವಾ ಕೆಂಪು ಗುರುತು ಹಾಕುತ್ತಾರೆ. ಒಬ್ಬನೇ ಗೈಡ್ ಬೇಡವೆಂದರೂ ಅದು ಕೆಂಪು. ಬೆಳಗ್ಗೆ ಕೆಂಪಾದದ್ದನ್ನು ಮಧ್ಯಾಹ್ನ ಬಿಸಿಲು ಚೆನ್ನಾಗಿದೆಯೆಂದು ಹಸಿರು ಮಾಡುವಂತಿಲ್ಲ.

ಈ ನಿಯಮ ಓದಿ ತಿಳಿಯುವುದು ಬೇರೆ, ಅದರಡಿ ನಿಲ್ಲುವುದು ಬೇರೆ. ಕಳೆದ ಚಳಿಗಾಲದಲ್ಲಿ ನಾನು, ನನ್ನ ಪತ್ನಿ, ಮಗ ಮತ್ತು ಮಗಳು ಒಂದು ದಿನದ ಪ್ರವಾಸಕ್ಕೆ ಹೋಗಿದ್ದೆವು. ಮಕ್ಕಳಿಬ್ಬರೂ ಇಪ್ಪತ್ತು ದಾಟಿದವರು. ಅಪಾಯದ ಹೊಣೆಯನ್ನು ನಾವೇ ಹೊರುತ್ತೇವೆಂಬ ಪತ್ರಕ್ಕೆ ನಾವೆಲ್ಲ ಸರಸರನೆ ಸಹಿ ಹಾಕಿದರೆ, ಮಗಳು ಪೂರ್ತಿ ಓದಿಯೇ ಹಾಕಿದಳು. ಮೊದಲ ಒಂದು ಗಂಟೆ ತರಬೇತಿ: ಹಿಮದಲ್ಲಿ ಹುದುಗಿಸಿಟ್ಟ ರೇಡಿಯೋ ಉಪಕರಣವನ್ನು ಹುಡುಕಬೇಕು. ತಾಯಿ ಅದನ್ನು ಹುಡುಕಿ ಅಗೆದು ತೆಗೆಯುವವರೆಗೆ ಮಕ್ಕಳು ಗಡಿಯಾರ ನೋಡುತ್ತ ನಿಂತಿದ್ದರು. ಆಟವೆಂದು ಶುರುವಾದದ್ದರಲ್ಲಿ ನಡುವೆ ಯಾರೂ ಮಾತನಾಡಲಿಲ್ಲ.

ನಮ್ಮನ್ನು ಒಯ್ದದ್ದು ಎ-ಸ್ಟಾರ್, ಲಾಮಾ ರೂಪಿಸಿದ ಫ್ರೆಂಚ್ ಕಂಪನಿಯದೇ ವಿನ್ಯಾಸ. ಹೆಲಿಕಾಪ್ಟರ್ ಇಳಿಯುವಾಗ ತಲೆ ತಗ್ಗಿಸಿ ಗುಂಪಾಗಿ ಕುಕ್ಕರಗಾಲಿನಲ್ಲಿ ಕೂರಬೇಕು. ಅದು ಎಬ್ಬಿಸುವ ಹಿಮದ ಬಿರುಗಾಳಿ ಅಡಗಿದ ಮೇಲೆ ಆವರಿಸುವ ಮೌನವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಆರು ಇಳಿತಗಳು ದೊರೆತವು. ಐದನೆಯದರ ಮುನ್ನ ಮಗ ಎದುರಿನ ಅಗಲವಾದ, ಬಿಸಿಲಿನಲ್ಲಿ ಹೊಳೆಯುವ, ಒಂದು ಗೆರೆಯೂ ಬೀಳದ ಇಳಿಜಾರನ್ನು ತೋರಿಸಿ ಅಲ್ಲಿಗೇಕೆ ಹೋಗಬಾರದೆಂದು ಕೇಳಿದ. ಗೈಡ್ ಆಕಡೆ ತಿರುಗಿಯೂ ನೋಡದೆ, ಇಂದು ಅದು ಮುಚ್ಚಿದೆ ಎಂದಳು. ತಲೆಗೆ ಸಾವಿರಕ್ಕೂ ಹೆಚ್ಚು ಡಾಲರ್ ಕೊಟ್ಟು ಬಂದವರಿಗೆ ಅಷ್ಟೇ ಉತ್ತರ. ಅಣ್ಣ ಮುಖ ಸಣ್ಣದು ಮಾಡಿದ್ದನ್ನು ಕಂಡು ತಂಗಿ ನಕ್ಕಳು. ನಾನು ಮನಸ್ಸಿನಲ್ಲೇ ಆ ಗೈಡಿಗೆ ಕೈಮುಗಿದೆ.

ಸಂಜೆ ನೆಲೆಗೆ ಮರಳಿ ಬೂಟು ಬಿಚ್ಚಿ ಸೂಪ್ ಕುಡಿಯುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಆಕೆ ಇನ್ನೂ ಒದ್ದೆ ಉಡುಪಿನಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಅಂದಿನ ತಾಪಮಾನ, ಗಾಳಿಯ ದಿಕ್ಕು, ಕಂಡ ಬಿರುಕುಗಳನ್ನು ನೆರೆಕಣಿವೆಯ ಕಂಪನಿಗಳಿಗಾಗಿ ದಾಖಲಿಸುತ್ತಿದ್ದಳು. ನಾವು ಇಳಿಯದೆ ಬಿಟ್ಟ ಆ ಇಳಿಜಾರಿನ ಹೆಸರೂ ಪಟ್ಟಿಯಲ್ಲಿತ್ತು.