ಬ್ಯಾಂಕಿನ ಎಂಜಿನಿಯರ್ ಮನೆ ನೋಡಿದ್ದು ನಿಮಗಾಗಿ ಅಲ್ಲ

ಗೃಹಪ್ರವೇಶದ ಮುಹೂರ್ತ ಗೊತ್ತು ಮಾಡಿ, ಕಾರ್ಡು ಹಂಚಿ ಆದ ಮೇಲೆ ನಾವು ಫ್ಲ್ಯಾಟಿನ ಬೀಗದ ಕೈ ಇಸ್ಕೊಳ್ಳೋಕೆ ಹೋಗಿದ್ದು. ಬಿಲ್ಡರ್ ಕಡೆಯ ಹುಡುಗ ಒಂದು ಹಾಳೆ ಮುಂದಿಟ್ಟ. ಮನೆ ಪರಿಶೀಲಿಸಿದ್ದೇನೆ, ಎಲ್ಲವೂ ತೃಪ್ತಿಕರವಾಗಿದೆ ಎಂದು ಅದರಲ್ಲಿತ್ತು. ನಾನು ನಲ್ಲಿ ತಿರುಗಿಸಿದೆ, ಲೈಟ್ ಹಾಕಿ ಆರಿಸಿದೆ, ಸಹಿ ಮಾಡಿದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬೆಡ್‌ರೂಮಿನ ವಾರ್ಡ್‌ರೋಬಿನ ಪ್ಲೈವುಡ್ ಉಬ್ಬಿ, ಬಟ್ಟೆಗೆಲ್ಲ ಬೂಷ್ಟು ಹಿಡಿದಿತ್ತು. ಮಳೆ ನೀರೇ ಇರಬೇಕು ಅಂದ್ಕೊಂಡು ಹೊರಗೋಡೆಗೆ ಮತ್ತೆ ಬಣ್ಣ ಹೊಡೆಸಿದ್ದೂ ಆಯ್ತು. ತೇವ ಮಾತ್ರ ಹೋಗಲಿಲ್ಲ.

ಕೊನೆಗೆ ಖಾಸಗಿ ಹೋಮ್ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿದೆ. ತೇವ ಅಳೆಯುವ ಮೀಟರನ್ನು ಅವರು ಗೋಡೆಗೆ ಒತ್ತುತ್ತಾ ಹೋದರು. ಹೊರಗೋಡೆ ಒಣಗಿತ್ತು. ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯ ಕೆಳಗಿನ ಎರಡು ಅಡಿ ತೊಯ್ದಿತ್ತು. ಅರ್ಧ ಗಂಟೆಯ ಕೆಲಸ. ಅದನ್ನೇ ಸಹಿ ಹಾಕುವ ಮುಂಚೆ ಮಾಡಿಸಿದ್ದರೆ ಎಷ್ಟು ಉಳೀತಿತ್ತು ಅನ್ನೋ ಲೆಕ್ಕ ಈಗ ಬೇಡ ಬಿಡಿ.

ಈ ಖರ್ಚು ಯಾಕೆ ಅಂತ ಕೇಳುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಬ್ಯಾಂಕ್ ಲೋನ್ ಕೊಟ್ಟಿದೆಯಲ್ಲ, ಅವರ ಎಂಜಿನಿಯರ್ ಬಂದು ನೋಡಿದ್ದಾರಲ್ಲ.’ ನಾನೂ ಹಾಗೇ ಅಂದ್ಕೊಂಡಿದ್ದೆ. ಬ್ಯಾಂಕ್ ಕಳಿಸುವ ವ್ಯಕ್ತಿ ಬರೋದು ಕಟ್ಟಡ ಎಷ್ಟು ಮೇಲೆದ್ದಿದೆ, ನಕ್ಷೆಗೆ ಹೊಂದುತ್ತಾ, ಮಾರಿದರೆ ಎಷ್ಟು ಬರುತ್ತೆ ಅಂತ ನೋಡಲು. ಕೊಟ್ಟ ಸಾಲ ವಾಪಸ್ ಬರುತ್ತಾ ಅನ್ನೋದು ಅವರ ಚಿಂತೆ. ನಿಮ್ಮ ಬಾತ್‌ರೂಮಿನ ಇಳಿಜಾರು ಯಾವ ಕಡೆಗಿದೆ ಅನ್ನೋದು ಅವರ ಕೆಲಸವೇ ಅಲ್ಲ.

ಇನ್‌ಸ್ಪೆಕ್ಟರ್ ಮಾಡೋ ಕೆಲಸದಲ್ಲಿ ಮಂತ್ರವಿದ್ಯೆ ಏನಿಲ್ಲ. ಟೈಲ್ಸ್ ಮೇಲೆ ಕೋಲಿನಿಂದ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ ಅಂತ ಅರ್ಥ. ಬಾತ್‌ರೂಮಿನ ನೀರು ಹೋಗುವ ಬಾಯಿ ಮುಚ್ಚಿ, ನೆಲದ ಮೇಲೆ ನೀರು ಕಟ್ಟಿ, ಒಂದು ದಿನ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡುತ್ತಾರೆ. ಪ್ರತಿ ಪ್ಲಗ್ ಪಾಯಿಂಟಿಗೂ ಟೆಸ್ಟರ್ ಸಿಕ್ಕಿಸಿ ಅರ್ಥಿಂಗ್ ಇದೆಯಾ, ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದೆಯಾ ಅಂತ ಪರೀಕ್ಷಿಸುತ್ತಾರೆ. ಕರೆಂಟ್ ಸೋರಿದಾಗ ಕಟ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ನಿಜವಾಗಿ ಬೀಳುತ್ತಾ ಅಂತ ನೋಡುವುದು ಮಕ್ಕಳಿರುವ ಮನೆಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯ. ಕೋಣೆ ಕೋಣೆ ಅಳೆದು, ಕರಾರು ಪತ್ರದಲ್ಲಿರುವ ಕಾರ್ಪೆಟ್ ಏರಿಯಾ ಜತೆ ತಾಳೆ ನೋಡಿಸಿ. ಹಳೇ ಮನೆಯಾದರೆ ಬಾಲ್ಕನಿ ಮತ್ತು ಬಾತ್‌ರೂಮಿನ ಸೀಲಿಂಗ್ ನೋಡಬೇಕು. ಅಲ್ಲಿ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣ್ತಿದ್ದರೆ ಅದು ಬಣ್ಣ ಹೊಡೆಸಿ ಮುಗಿಸೋ ವಿಷಯ ಅಲ್ಲ.

ಥರ್ಮಲ್ ಕ್ಯಾಮೆರಾ ತೋರಿಸಿ ಬೆರಗು ಹುಟ್ಟಿಸುವವರೂ ಇದ್ದಾರೆ. ಅದು ಗೋಡೆಯ ಒಳಗೆ ಇಣುಕಿ ನೋಡಲ್ಲ, ಮೇಲ್ಮೈಯ ಬಿಸಿ–ತಂಪಿನ ವ್ಯತ್ಯಾಸ ತೋರಿಸುತ್ತೆ, ಅಷ್ಟೇ. ನೀರನ್ನೇ ಬಳಸದ ಹೊಸ ಫ್ಲ್ಯಾಟಿನಲ್ಲಿ ಸೋರಿಕೆ ಇದ್ದರೂ ಚಿತ್ರ ಚೆನ್ನಾಗೇ ಬರುತ್ತೆ. ನೀರು ಬಿಟ್ಟಾದ ಮೇಲೆ ತೆಗೆಯಲು ಹೇಳಿ, ಅನುಮಾನ ಬಂದ ಕಡೆ ಮೀಟರ್ ಒತ್ತಿಸಿ.

ಭಾರತದಲ್ಲಿ ಈ ವೃತ್ತಿಗೇ ಅಂತ ಲೈಸೆನ್ಸ್ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕ್ಕೋಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು ಹಳೆಯ ವರದಿಯೊಂದರ ಮಾದರಿ. ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ, ಅಳತೆ ಎಷ್ಟು, ಫೋಟೋ ಎಲ್ಲಿ ಅನ್ನೋದು ಅದರಲ್ಲಿರಬೇಕು. ‘ಗುಣಮಟ್ಟ ಸಾಧಾರಣ’ ಅಂತ ಬರೆದ ವರದಿಯಿಂದ ಯಾರ ಹತ್ತಿರವೂ ಏನೂ ಮಾಡಿಸಲಾಗಲ್ಲ. ಬಿಲ್ಡರ್ ಅಥವಾ ಬ್ರೋಕರ್ ಪರಿಚಯಿಸಿದವರು ಬೇಡ. ರಿಪೇರಿ ಕಂಟ್ರ್ಯಾಕ್ಟೂ ನಾವೇ ಮಾಡ್ತೀವಿ ಅನ್ನುವವರೂ ಬೇಡ, ಅವರಿಗೆ ಸಿಗುವ ಪ್ರತಿ ಬಿರುಕೂ ದುಡ್ಡಾಗಿ ಕಾಣುತ್ತೆ. ರಿಪೇರಿ ಆದ ಮೇಲೆ ಇನ್ನೊಮ್ಮೆ ಬಂದು ನೋಡುವುದೂ ಫೀಸಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಜಾಗದ ಹಕ್ಕು, ಖಾತೆ, ಓಸಿ ಇವೆಲ್ಲ ವಕೀಲರ ಕೆಲಸ. ಎರಡನ್ನೂ ಒಬ್ಬರೇ ನೋಡ್ತೀವಿ ಅಂದರೆ ನಂಬಬೇಡಿ.

ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸುವವರಿಗೆ, ಕಟ್ಟಿ ಮುಗಿದ ಮೇಲೆ ಕರೆಸಿದರೆ ಅರ್ಧ ಪ್ರಯೋಜನ. ಕಂಬಿ ಒಂದು ಸಲ ಕಾಂಕ್ರೀಟಿನೊಳಗೆ ಹೋದರೆ ಮುಗೀತು. ಪಾಯದ ಕಂಬಿ ಕಟ್ಟಿದಾಗ, ಮೋಲ್ಡ್ ಹಾಕುವ ಹಿಂದಿನ ದಿನ, ಟೈಲ್ಸ್ ಹಾಕುವ ಮುಂಚೆ, ಹೀಗೆ ಮೂರು ಭೇಟಿಗೆ ಒಪ್ಪಂದ ಮಾಡಿಕೊಳ್ಳಿ. ಮೋಲ್ಡಿನ ಕಂಬಿ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು, ಅದಕ್ಕೆ ಕವರ್ ಬ್ಲಾಕ್ ಇಡಬೇಕೇ ಹೊರತು ಜಲ್ಲಿಕಲ್ಲಲ್ಲ. ಕೆಲಸ ಸಲೀಸಾಗಲಿ ಅಂತ ಮೇಸ್ತ್ರಿ ಮಿಶ್ರಣಕ್ಕೆ ಇನ್ನೊಂದು ಕೊಡ ನೀರು ಸುರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತೆ. ಅದೇ ದಿನದ ಕಾಂಕ್ರೀಟಿನಿಂದ 150 ಮಿಲಿಮೀಟರಿನ ಕ್ಯೂಬ್‌ಗಳನ್ನು ಮಾಡಿಸಿ 28ನೇ ದಿನ ಲ್ಯಾಬಿನಲ್ಲಿ ಒಡೆಸಿದರೆ ನಿಜ ಗೊತ್ತಾಗುತ್ತೆ. ಈಗ ಹೆಚ್ಚಿನ ಮನೆಗಳಿಗೆ ಬಳಸುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು ಎನ್ನುತ್ತದೆ ಐಎಸ್ 456.

ಫ್ಲ್ಯಾಟ್ ಕೊಳ್ಳುವವರ ಕೈಯಲ್ಲಿ ಬಲ ಇರೋದು ಕೊನೇ ಕಂತು ಕಟ್ಟುವ ತನಕ. ಅದಕ್ಕೂ ಮುಂಚೆ, ಮುಹೂರ್ತ ಗೊತ್ತು ಮಾಡುವುದಕ್ಕೂ ಮುಂಚೆ ತಪಾಸಣೆ ಮಾಡಿಸಿ, ಪಟ್ಟಿಯನ್ನು ಇಮೇಲಿನಲ್ಲಿ ಕಳಿಸಿ. ಆ ಘಟ್ಟ ದಾಟಿದ್ದರೂ ದಾರಿ ಮುಚ್ಚಿಲ್ಲ. 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು, ಇಲ್ಲದಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಸೈಟಿನಲ್ಲಿ ಕಂಟ್ರ್ಯಾಕ್ಟರ್ ಕೈಲಿ ಕಟ್ಟಿಸಿದ ಮನೆಗೆ ಇದು ಅನ್ವಯಿಸಲ್ಲ. ಅಂಥವರು 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು.

ನಮ್ಮ ಮನೆಗೆ ಬಿಲ್ಡರ್ ಮೊದಲು ಕಳಿಸಿದ್ದು ವೈಟ್ ಸಿಮೆಂಟ್ ಹಿಡಿದ ಹುಡುಗನನ್ನು. ಟೈಲ್ಸ್ ಸಂದುಗಳಿಗೆ ಬಳಿದು ಹೋದ. ‘ನೀವೇ ತೃಪ್ತಿಕರ ಅಂತ ಸಹಿ ಹಾಕಿದ್ದೀರಲ್ಲ ಸಾರ್’ ಅಂತ ಅವರ ಆಫೀಸಿನವರು ಆ ಹಾಳೆಯನ್ನು ನನಗೇ ತೋರಿಸಿದರು. ಫೋಟೋ, ಮೀಟರ್ ಅಳತೆ, ಸೆಕ್ಷನ್ ಸಂಖ್ಯೆ ಮೂರನ್ನೂ ಸೇರಿಸಿ ಎರಡನೇ ಇಮೇಲ್ ಹಾಕಿದ ಮೇಲೆ ಬಾತ್‌ರೂಮಿನ ನೆಲ ಅಗೆದರು. ವಾಟರ್‌ಪ್ರೂಫಿಂಗ್ ನೆಲಕ್ಕಷ್ಟೇ ನಿಂತಿತ್ತು, ಗೋಡೆಯ ಬುಡಕ್ಕೆ ಹತ್ತಿಸಿರಲೇ ಇಲ್ಲ. ಹೊಸದಾಗಿ ಮಾಡಿಕೊಟ್ಟರು. ವಾರ್ಡ್‌ರೋಬಿನ ದುಡ್ಡು ಬರಲಿಲ್ಲ.