ಹುಡುಗ, ಮರ, ಮೊಸಳೆ: ಅನಂತಪುರದ ಕಥೆ

ಕಾಕ್ಕನಾಡ್‌ನ ರೂಮಿಂದಲೇ ಮಾತಾಡ್ತಿದೀನಿ. ಹೊರಗೆ ಮಳೆ, ಸದ್ದು ಬಂದ್ರೆ ಬೇಜಾರು ಮಾಡ್ಕೋಬೇಡಿ.

ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ ಮೊರಿಂಜಿ ಅಂತ ಒಂದು ಬೌದ್ಧ ದೇವಸ್ಥಾನ. ಅಲ್ಲಿದ್ದ ಶುಕಾಕು ಅನ್ನೋ ಸನ್ಯಾಸಿಯ ಕೆಟಲಿನಲ್ಲಿ ಎಷ್ಟು ಜನಕ್ಕೆ ಚಹಾ ಬಗ್ಗಿಸಿದರೂ ನೀರು ಮುಗೀತಿರಲಿಲ್ಲವಂತೆ. ಆಮೇಲೆ ಗೊತ್ತಾಯ್ತು, ಆತ ಮನುಷ್ಯನೇ ಅಲ್ಲ, ತಾನುಕಿ ಅನ್ನೋ ಕಾಡುಪ್ರಾಣಿ! ಗುಟ್ಟು ಬಯಲಾದ ಮೇಲೆ ಆತ ಅಲ್ಲಿ ನಿಲ್ಲಲಿಲ್ಲ.

ಇಂಥದ್ದು ನಮ್ಮಲ್ಲೂ ಇದೆ. ಶುಕ್ರವಾರ ರಾತ್ರಿ ಎರ್ನಾಕುಲಂನಲ್ಲಿ ಮಂಗಳೂರು ರೈಲು ಹತ್ತೋ ನಾವು ನಿದ್ದೆಗಣ್ಣಲ್ಲೇ ದಾಟೋ ಕುಂಬಳೆ ಪಕ್ಕದಲ್ಲಿ, ಕೆರೆ ನಡುವಿನ ಅನಂತಪುರ ದೇವಸ್ಥಾನದಲ್ಲಿ. ಬಿಲ್ವಮಂಗಲ ಸ್ವಾಮಿಗಳ ಸೇವೆಗೆ ಒಬ್ಬ ಅನಾಥ ಹುಡುಗ ಬಂದ. ಮಹಾ ತುಂಟ. ಒಂದು ದಿನ ಪೂಜೆಗೆ ಅಡ್ಡ ಬಂದಾಗ ಸ್ವಾಮಿಗಳು ತಳ್ಳಿಬಿಟ್ಟರು. ನನ್ನನ್ನು ನೋಡಬೇಕಾದ್ರೆ ಅನಂತನಕಾಡಿಗೆ ಬಾ ಅಂದವನೇ ಗುಹೆಯೊಳಗೆ ಮಾಯ. ಸ್ವಾಮಿಗಳು ತೆಂಕಣಕ್ಕೆ ಹುಡುಕ್ಕೊಂಡು ಹೋದರು. ಹುಡುಗ ಒಂದು ಇಪ್ಪೆ ಮರದಲ್ಲಿ ಸೇರಿಕೊಂಡ. ಮರ ಉರುಳಿ, ಹಾವಿನ ಮೇಲೆ ಮಲಗಿದ ಪದ್ಮನಾಭನಾಯ್ತು. ಆ ಕಾಡೇ ತಿರುವನಂತಪುರ. ಅನಂತಪುರದಲ್ಲಿ ಮಾತ್ರ ಪದ್ಮನಾಭ ಕೂತಿದ್ದಾನೆ.

ಕಥೆ ಕಥೆಯೇ, ಆದ್ರೆ ದಾರಿ ನಿಜ. ತಿರುವನಂತಪುರದ ದೇವಸ್ಥಾನದ ನಂಬಿಗಳು ಚಂದ್ರಗಿರಿ ಹೊಳೆಯ ಸೀಮೆಯಿಂದ ಹೋದವರು. ಅಕ್ಕರೆ ದೇಶಿ, ಇಕ್ಕರೆ ದೇಶಿ ಅಂತ ಅವರಲ್ಲಿ ಎರಡು ಪಂಗಡ. ಆಚೆ ಕರೆ, ಈಚೆ ಕರೆ, ಅಷ್ಟೇ! ಈ ಸೀಮೆ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ. ಕೆಲಸ ಹುಡುಕ್ಕೊಂಡು ಕೇರಳದ ತೆಂಕಣಕ್ಕೆ ಬಂದ ಮೊದಲಿಗರು ನಾವಲ್ಲ, ನೋಡಿ.

ಈಗ ಕೆರೆಯ ಮೊಸಳೆ. 1945ರಲ್ಲಿ ಒಬ್ಬ ಬ್ರಿಟಿಷ್ ಸೈನಿಕ ಅಲ್ಲಿದ್ದ ಮೊಸಳೆಯನ್ನು ಗುಂಡಿಟ್ಟು ಕೊಂದ, ಆಮೇಲೆ ಹಾವು ಕಚ್ಚಿ ಸತ್ತ, ಕೆಲವೇ ದಿನದಲ್ಲಿ ಕೆರೆಗೆ ಇನ್ನೊಂದು ಮೊಸಳೆ ಬಂತು ಅಂತ ಊರವರ ಮಾತು. ಅದೇ ಬಬಿಯಾ. ಅರ್ಚಕರ ಕೈಯಿಂದ ಅನ್ನದ ನೈವೇದ್ಯ ತಿಂತಿತ್ತು, ಅದನ್ನ ಎಷ್ಟೋ ಜನ ಕಣ್ಣಾರೆ ನೋಡಿದಾರೆ. ಶುದ್ಧ ಸಸ್ಯಾಹಾರಿ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಕೆರೆ ತುಂಬ ಮೀನಿದೆ ಸ್ವಾಮಿ!

2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ಸತ್ತಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಊರೇ ಬಂತು. ತಾನುಕಿ ವೇಷ ಬದಲಿಸಿ ಸಿಕ್ಕಿಬಿತ್ತು. ಅನಂತಪುರದಲ್ಲಿ ತಿರುಗುಮುರುಗು: ಮೈ ಬೇರೆ, ಪಾತ್ರ ಅದೇ. ಜಾಗ ಒಂದು ವರ್ಷ ಖಾಲಿ ಇತ್ತು. 2023ರ ನವೆಂಬರ್‌ನಲ್ಲಿ ಕೆರೆಯಲ್ಲಿ ಮತ್ತೆ ಒಂದು ಮೊಸಳೆ ಕಾಣಿಸ್ತು, ಚಿಕ್ಕದು. ಎಲ್ಲಿಂದ ಬಂತು ಅಂತ ಅಲ್ಲಿ ಕೇಳಿದ್ರೆ ಜನ ಗುಹೆ ಕಡೆ ಕೈ ತೋರಿಸ್ತಾರೆ.