ತಲೆಗಿಷ್ಟು ಅಂತ ಬಂದ ದುಡ್ಡು, ಮಲ್ಲಂದೂರಿನ ದಾರಿ

ಚಿಕ್ಕಮಗಳೂರಿಂದ ಮುತ್ತೋಡಿ ಕಾಡಿನ ಕಡೆ ಹೋಗೋ ದಾರಿಯಲ್ಲಿ ಮಲ್ಲಂದೂರು ಸಿಗುತ್ತೆ. ಬೈಕಲ್ಲಿ ಹೋದವರು ನೋಡಿರ್ತೀರಿ, ಎರಡೂ ಕಡೆ ಕಾಫಿ ತೋಟ, ಅಲ್ಲೊಂದು ಮನೆ, ಇನ್ನೆಲ್ಲೋ ಕೂಲಿಯವರ ಲೈನ್ ಮನೆ. ಇಷ್ಟು ಕಾಫಿ ಬೆಳೆಯೋ ಕಡೆ ಪಂಚಾಯ್ತಿ ಶ್ರೀಮಂತ ಆಗಿರಬೇಕು ಅನ್ಸುತ್ತೆ ಅಲ್ವಾ? ಬಿ.ಕಾಂ ಓದಿದ ನನಗೂ ಹಾಗೇ ಅನ್ಸಿತ್ತು.

ಆದರೆ ಗ್ರಾಮ ಪಂಚಾಯ್ತಿ ತೆರಿಗೆ ಹಾಕೋದು ಕಟ್ಟಡಕ್ಕೆ, ಕೃಷಿಯೇತರ ಜಮೀನಿಗೆ. ತೋಟಕ್ಕೆ ಹಾಕೋ ಹಾಗಿಲ್ಲ. ಲಾರಿಗಟ್ಟಲೆ ಕಾಫಿ ಕ್ಯೂರಿಂಗಿಗೆ ಹೋದರೂ ಪಂಚಾಯ್ತಿಗೆ ಉಳಿಯೋದು ಮನೆ ಕಂದಾಯ, ನೀರಿನ ದರ, ಹೋಂಸ್ಟೇ ಇದ್ರೆ ಅದರ ಕಟ್ಟಡದ ತೆರಿಗೆ. ಮಿಕ್ಕಿದ್ದಕ್ಕೆಲ್ಲ ಸರ್ಕಾರದ ಅನುದಾನವೇ ಗತಿ.

ಆ ಅನುದಾನದ ಕಥೆ 1983ರ ಕಾಯ್ದೆಯಿಂದ ಹೇಳ್ತೀನಿ. ರಾಮಕೃಷ್ಣ ಹೆಗಡೆ ಸರ್ಕಾರ, ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನಿಸಿಕೊಂಡವರು. 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯ್ತಿಗಳು ಬಂದವು. ದುಡ್ಡು ಬಂತು, ಅದನ್ನ ಖರ್ಚು ಮಾಡೋ ಅಧಿಕಾರವೂ ಬಂತು. ಆದರೆ ಅನುದಾನ ಬಂದಿದ್ದು ತಲೆಗಿಷ್ಟು ಅಂತ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರ್ತವೆ, ಒಂದು ನಲ್ಲಿ ಹಾಕಿದ್ರೆ ಇಡೀ ಬೀದಿಗಾಯ್ತು. ನಮ್ಮ ಮಲೆನಾಡಲ್ಲಿ ಒಂದು ಮನೆಗೆ ಪೈಪ್ ಎಳೆಯೋಕೆ ಒಂದು ಗುಡ್ಡ ಹತ್ತಿ ಇಳಿಯಬೇಕು.

1993ರ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತೆ. ಬೇರೆ ಕಡೆ ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಇರಬೇಕು. ಚಿಕ್ಕಮಗಳೂರು, ಕೊಡಗಿನಂಥ ಜಿಲ್ಲೆಗಳಲ್ಲಿ 2,500 ಇದ್ರೂ ಸಾಕು. ಜೊತೆಗೆ ದೊಡ್ಡದು ಚಿಕ್ಕದು ಅನ್ನದೆ ಪ್ರತಿ ಪಂಚಾಯ್ತಿಗೂ ವರ್ಷಕ್ಕೆ 1 ಲಕ್ಷ. ಲೆಕ್ಕ ಹಾಕಿ ನೋಡಿ. 7,000 ಜನರ ಊರಿಗೆ ತಲೆಗೆ ಸುಮಾರು 14 ರೂಪಾಯಿ, 2,500 ಜನರ ಗುಡ್ಡದ ಊರಿಗೆ 40. ಕರೆಂಟ್ ಬಿಲ್ಲು, ನೀರು, ನೈರ್ಮಲ್ಯ ಎಲ್ಲಾ ಅದರಲ್ಲೇ, ದುಡ್ಡೇನೂ ದೊಡ್ಡದಲ್ಲ. ಆದರೂ ನನ್ನ ಪ್ರಕಾರ ಮಲೆನಾಡಿಗೆ ಸಿಕ್ಕ ಅತಿ ನ್ಯಾಯದ ಸೂತ್ರ ಅದೇ.

ಆಮೇಲೆ ಆ ಮೊತ್ತ ಏರಿತು. 2007ರಲ್ಲಿ ಉದ್ಯೋಗ ಖಾತ್ರಿಯೂ ನಮ್ಮ ಜಿಲ್ಲೆಗೆ ಬಂತು. 2015ರಿಂದ 14ನೇ ಹಣಕಾಸು ಆಯೋಗದ ದುಡ್ಡು ಜಿಲ್ಲೆ, ತಾಲ್ಲೂಕು ಪಂಚಾಯ್ತಿಗಳನ್ನ ಬಿಟ್ಟು ಸೀದಾ ಗ್ರಾಮ ಪಂಚಾಯ್ತಿಗೆ. ಖುಷಿಯ ವಿಷಯವೇ. ಆದರೆ ರಾಜ್ಯಗಳಿಗೆ ಹಂಚೋ ಸೂತ್ರದಲ್ಲಿ 100ಕ್ಕೆ 90 ಅಂಕ ಜನಸಂಖ್ಯೆಗೆ, 10 ಮಾತ್ರ ವಿಸ್ತೀರ್ಣಕ್ಕೆ. ಮತ್ತೆ ತಲೆ ಎಣಿಕೆ! 15ನೇ ಆಯೋಗ 2021ರಿಂದ ಇನ್ನೊಂದು ಗಂಟು ಹಾಕಿತು, ಶೇಕಡಾ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಮೀಸಲು.

ಹಾಗಾದ್ರೆ ಹಳ್ಳ ದಾಟೋಕೆ ಕಾಲುಸಂಕ? ಅದಕ್ಕೆ 1991ರ ಕಾಯ್ದೆಯ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕಚೇರಿ ಶಿವಮೊಗ್ಗದಲ್ಲಿ, 13 ಜಿಲ್ಲೆಗೆ ಒಂದೇ. ಅಧ್ಯಕ್ಷರನ್ನ ನೇಮಿಸೋದು ಸರ್ಕಾರ. ಅಂದ್ರೆ ನಾವು ಓಟು ಹಾಕಿ ಗೆಲ್ಲಿಸಿದ ಪಂಚಾಯ್ತಿ ಸದಸ್ಯರು, ಮಳೆಗಾಲಕ್ಕೆ ಮುಂಚೆ ಒಂದು ಸಂಕ ಬೇಕು ಅಂದ್ರೆ, ನಾವು ಓಟು ಹಾಕದವರ ಹತ್ರ ಅರ್ಜಿ ಹಿಡ್ಕೊಂಡು ಹೋಗಬೇಕು.

ನಿಮ್ಮೂರಿನ ಲೆಕ್ಕ ನೋಡ್ಬೇಕಾ? ಫೋನಲ್ಲಿ ಇ-ಗ್ರಾಮ್ ಸ್ವರಾಜ್ ತೆಗೆದು ಪಂಚಾಯ್ತಿ ಹೆಸರು ಹಾಕಿ. ಎಷ್ಟು ಬಂತು, ಯಾವುದಕ್ಕೆ ಹೋಯ್ತು ಅಂತ ತೋರಿಸುತ್ತೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ಅದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.